ಎರಡನೆಯ ಸಲ ತೋರಿಸದ ಬಯಲು

ಅಹಮದಾಬಾದು: ತಂತಿಗಳು

ಅಹಮದಾಬಾದಿನಲ್ಲಿ ನನ್ನ ಕಣ್ಣಿಗೆ ಮೊದಲು ಬಿದ್ದದ್ದು ತಂತಿಗಳು. ಮಣಿನಗರದ ತಾರಸಿಯಿಂದ ತಾರಸಿಗೆ, ಬೇವಿನ ಕೊಂಬೆಯಿಂದ ದೀಪದ ಕಂಬಕ್ಕೆ, ಕಂಬದಿಂದ ಪಾನ್ ಅಂಗಡಿಯ ತಗಡಿನ ಮಾಡಿಗೆ ಕೇಬಲ್ ಟಿವಿಯ ಕರಿಯ ತಂತಿಗಳು ಜೋತುಬಿದ್ದಿದ್ದವು. ಸಂಕ್ರಾಂತಿಗೆ ಹಾರಿಸಿದ ಗಾಳಿಪಟಗಳು ಅವುಗಳಿಗೆ ಸಿಕ್ಕಿಕೊಂಡು, ಫೆಬ್ರವರಿಯ ಬಿಸಿಲಿಗೆ ಕಾಗದವೆಲ್ಲ ಹರಿದು, ಕಡ್ಡಿಗಳಷ್ಟೇ ಉಳಿದು ತೂಗುತ್ತಿದ್ದವು. ಆಟೋ ಇಳಿದು ಎದ್ದವನು ಒಂದು ತಂತಿಗೆ ತಲೆ ತಾಗಿಸಿಕೊಂಡೆ. ತಕ್ಷಣ ಎರಡು ಮನೆಗಳ ಒಳಗಿನಿಂದ ಗುಜರಾತಿಯಲ್ಲಿ ಬೈಗುಳ ಕೇಳಿಸಿತು. ಪರನಾಡಿನಲ್ಲಿ ನನಗೆ ದೊರೆತ ಸ್ವಾಗತ ಅದು.

"ಏನ್ ಮಾಡಿದ್ಯೋ ಮಾರಾಯಾ? ಟೆನಿಸ್ ನಡದಿತ್ತು!" ಎನ್ನುತ್ತಲೇ ಗುರುನಾಥ ಮೆಟ್ಟಿಲಿಳಿದು ಬಂದ.

ಗುರುನಾಥ ನನ್ನ ಕಾಲೇಜಿನ ಜೊತೆಗಾರ. ಧಾರವಾಡದಲ್ಲಿ ನಾವಿಬ್ಬರೂ ಒಂದೇ ಚರ್ಚಾ ತಂಡದವರು. ವೇದಿಕೆಯ ಮೇಲೆ ನಾನು ಮೊದಲ ಮಾತುಗಾರ, ಅವನು ಎರಡನೆಯವನು. ಬಯಲಿಗೆ ಇಳಿದೊಡನೆ ಮಾತ್ರ ಈ ಕ್ರಮ ತಲೆಕೆಳಗಾಗುತ್ತಿತ್ತು. ಕಾಲೇಜು ಪಂದ್ಯಗಳಿಗೆ ಅವನು ಕನ್ನಡದಲ್ಲಿ ಕೊಡುತ್ತಿದ್ದ ವೀಕ್ಷಕ ವಿವರಣೆಯನ್ನು ಕೇಳಲು ಆಟದ ಗಂಧವಿಲ್ಲದವರೂ ಬಂದು ಕಟ್ಟೆಯ ಮೇಲೆ ಕೂಡುತ್ತಿದ್ದರು. ವಿಕೆಟ್ ಕೀಪರನ ಪಕ್ಕದಿಂದ ಜಾರಿದ ಚೆಂಡು "ಹಿತ್ತಲ ಬಾಗಲದಾಗಿಂದ ಹೊಂಟು ಹೋತು" ಎನ್ನುತ್ತಿದ್ದ. ಜೋರಾಗಿ ಬೀಸುವವನು ಅವನ ಬಾಯಲ್ಲಿ "ರೊಟ್ಟಿ ಬಡದಂಗ ಬಡೀಲಿಕ್ಕೆ ಹತ್ಯಾನ." ಈ ಮಾತುಗಳನ್ನು ಅವನು ಯಾವ ಪುಸ್ತಕದಿಂದಲೂ ತಂದಿರಲಿಲ್ಲ. ವಿಮಾ ಕಚೇರಿಯ ವರ್ಗಾವಣೆ ಅವನನ್ನು ಗುಜರಾತಿಗೆ ತಂದ ಮೇಲೂ ಆ ಕೆಲಸ ನಿಂತಿರಲಿಲ್ಲ. ಅಹಮದಾಬಾದು ಮತ್ತು ಸೂರತ್ತಿನ ಕನ್ನಡ ಸಂಘಗಳ ನಡುವೆ ವರ್ಷಕ್ಕೊಮ್ಮೆ ಕ್ರಿಕೆಟ್ ಪಂದ್ಯ ನಡೆಯುತ್ತದೆ. ಅದರ ಮೈಕು ಗುರುನಾಥನದು. ಉಳಿದ ದಿನಗಳಲ್ಲಿ ಕಡತಗಳ ಹಿಂದೆ ಕೂಡುವ ಮನುಷ್ಯನಿಗೆ ಆ ಒಂದು ದಿನ ತನ್ನ ಭಾಷೆಯಲ್ಲಿ, ತನ್ನ ಗಂಟಲಿನಲ್ಲಿ, ನಾಲ್ಕು ಜನರೆದುರು ಬದುಕುವ ದಿನ.

ಈ ಬಾರಿಯ ಪಂದ್ಯ ಸೂರತ್ತಿನಲ್ಲಿತ್ತು. ಬಹುಮಾನ ವಿತರಣೆಗೆ ಮುನ್ನ ನಾನೊಂದು ಉಪನ್ಯಾಸ ಮಾಡಬೇಕೆಂದು ಕರೆ ಬಂದಿತ್ತು. ಊರಿನಲ್ಲಿ ನಮ್ಮದೊಂದು ಪುಟ್ಟ ಬಳಗವಿದೆ. ಶಾಲೆಗಳಿಗೆ ಹೋಗಿ ಕನ್ನಡದಲ್ಲಿ ಚರ್ಚಾಸ್ಪರ್ಧೆಗಳನ್ನು ನಡೆಸುತ್ತೇವೆ. ಮಾತನಾಡಲು ಕಲಿತ ಮಗು ಮುಂದೆ ಅನ್ಯಾಯವನ್ನು ಸಹಿಸದು ಎಂಬುದು ನಮ್ಮ ನಂಬಿಕೆ. ವಿದೇಶಿ ವಾಹಿನಿಗಳು ನಮ್ಮ ಮಕ್ಕಳ ನಾಲಗೆಯನ್ನು ಹೇಗೆ ಕಸಿಯುತ್ತಿವೆ ಎಂಬ ವಿಷಯದ ಮೇಲೆ ಹದಿನಾಲ್ಕು ಪುಟ ಬರೆದುಕೊಂಡು ಹೊರಟಿದ್ದೆ.

ಸಂಜೆ ಗುರುನಾಥ ತನ್ನ ಅಭ್ಯಾಸವನ್ನು ತೋರಿಸಿದ. ಕ್ರೀಡಾ ವಾಹಿನಿಯಲ್ಲಿ ಎಲ್ಲಿಯದೋ ಕ್ರಿಕೆಟ್ ಪಂದ್ಯ ಹಾಕಿ, ಇಂಗ್ಲಿಷ್ ಧ್ವನಿಯನ್ನು ಪೂರ್ತಿ ಅಡಗಿಸಿ, ತಾನು ಕನ್ನಡದಲ್ಲಿ ಮಾತನಾಡತೊಡಗಿದ. ಚೆಂಡು ಬೀಳುವಾಗ ಎರಡೇ ಮಾತು. ಅದೇ ಚೆಂಡನ್ನು ಪರದೆ ಎರಡನೆಯ ಸಲ, ನಿಧಾನಗತಿಯಲ್ಲಿ ತೋರಿಸಿದಾಗ ಅವನ ಕಂಠ ಅರಳುತ್ತಿತ್ತು. "ನೋಡ್ರಿ, ಈಗ ಮಣಿಕಟ್ಟು ಹೆಂಗ ತಿರಗ್ತದ... ತಿರಗ್ತದ... ಹಾಂ, ಹುಲ್ಲು ನೆಕ್ಕೋತ ಹೊಂಟಿತು ಚೆಂಡು." ನಾನು ಮೆಚ್ಚಿ ಚಪ್ಪಾಳೆ ತಟ್ಟಿದೆ. ಒಂಬತ್ತನೆಯ ತರಗತಿಯ ಮಗಳು ಅಶ್ವಿನಿ ಪುಸ್ತಕದಿಂದ ತಲೆಯೆತ್ತದೆ, "ಪಪ್ಪಾ, ಧೀರೇ ಬೋಲೋ ನಾ" ಎಂದು ಹಿಂದಿಯಲ್ಲಿ ಧ್ವನಿ ತಗ್ಗಿಸಲು ಹೇಳಿದಳು. ಅವಳಿಗೆ ಕನ್ನಡ ಅರ್ಥವಾಗುತ್ತದೆ. ಆಡುವಾಗ ನಾಲ್ಕು ಮಾತಿಗೇ ನಿಂತುಬಿಡುತ್ತಾಳೆ.

ಅಹಮದಾಬಾದು: ಸಭೆ

ಮರುದಿನ ಸಂಘದ ಕಾರ್ಯದರ್ಶಿ ರಾಮಸ್ವಾಮಿಯವರ ಮನೆಯಲ್ಲಿ ಸಭೆ ಸೇರಿತು. ಅವರು ಮೈಸೂರಿನವರು, ಕೇಂದ್ರ ಸರಕಾರದ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ; ಸಜ್ಜನರು. ವಾಹಿನಿ ಬೆಳೆದ ಕಥೆಯನ್ನು ಅವರೇ ನನಗೆ ಹೇಳಿದರು. ಮೊದಲು ಬಡಾವಣೆಗೆಲ್ಲ ಒಂದೇ ಒಂದು ಡಿಶ್ ಆಂಟೆನಾದ ತಟ್ಟೆ, ಪಾನ್ ಅಂಗಡಿಯವನ ಮನೆಯ ತಾರಸಿಯಲ್ಲಿ. ಆಗ ಜನ ಕೇಬಲ್ ಹಾಕಿಸಿಕೊಂಡದ್ದು ಸಿನಿಮಾಕ್ಕೆ. ಆಮೇಲೆ ಒಂದು ಕ್ರಿಕೆಟ್ ಸರಣಿ ಆ ಕ್ರೀಡಾ ವಾಹಿನಿಯಲ್ಲಿ ಮಾತ್ರ ಬಂತು. ಒಂದೇ ವಾರದಲ್ಲಿ ಇಡೀ ವಸತಿ ಸೊಸೈಟಿಯ ಕಿಟಕಿಗಳಲ್ಲಿ ತಂತಿ ತೂರಿತು.

"ಭಾನುವಾರದ ಭಜನೆ ಶನಿವಾರಕ್ಕೆ ಹೋಯ್ತು ಸಾರ್. ಕನ್ನಡ ಕ್ಲಾಸು ಶನಿವಾರದಿಂದ ಎಲ್ಲಿಗೋ ಹೋಯ್ತು" ಎಂದು ನಕ್ಕರು. ಅನಂತರ ಗಂಟಲು ಸರಿಪಡಿಸಿಕೊಂಡು ಸೂಚನೆಯೊಂದನ್ನು ಮುಂದಿಟ್ಟರು. "ಈ ವರ್ಷ ಕಾಮೆಂಟ್ರಿ ಹಿಂದಿ, ಇಂಗ್ಲಿಷಲ್ಲಿ ಇರ್ಲಿ ಅಂತ. ಗುರುನಾಥ್ ಅವರ ಬಗ್ಗೆ ನಂಗೆ ತುಂಬಾ ಗೌರವ. ಆದ್ರೆ ಆಡೋ ಮಕ್ಕಳಿಗೆ ಅರ್ಥ ಆಗ್ಬೇಕಲ್ವಾ?"

ನಾನು ಎದ್ದು ನಿಂತೆ.

ಅರ್ಥವಾಗುವುದಿಲ್ಲವೆಂದು ಆಡದೆ ಬಿಟ್ಟರೆ ಎಂದಿಗೆ ಅರ್ಥವಾದೀತು ಎಂದು ಕೇಳಿದೆ. ನಿಮ್ಮ ಮಕ್ಕಳಿಗೆ ಕನ್ನಡವು ಊಟಕ್ಕೆ ಕರೆಯುವ, ಬೈಯುವ, ಔಷಧಿ ಕುಡಿಸುವ ಭಾಷೆಯಾಗಿಬಿಟ್ಟಿದೆ. ಹಿಗ್ಗಿಗೆ, ಗೆಲುವಿಗೆ, ಕೇಕೆಗೆ ಬೇರೆ ಭಾಷೆ ಬಂದಿದೆ. ವರ್ಷಕ್ಕೆ ಒಂದು ದಿನವಾದರೂ ಅವರು ಬಯಲಿನಲ್ಲಿ, ಮೈಕಿನಲ್ಲಿ, ತಮ್ಮ ಹೆಸರಿನ ಪಕ್ಕದಲ್ಲಿ ಕನ್ನಡವನ್ನು ಕೇಳಬಾರದೆ? ಹೀಗೆ ಮಾತನಾಡಿದೆ. ಇದನ್ನು ನಾನು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ.

ಮಾತಿನ ನಡುವೆ ಗುರುನಾಥ ನನ್ನ ಅಂಗಿಯ ತುದಿ ಜಗ್ಗಿ, "ಬಿಡೋ. ಈ ವರ್ಷ ನನಗೂ ಬ್ಯಾಡ ಅನಸ್ತದ" ಎಂದು ಮೆಲ್ಲನೆ ಅಂದ. ಸಂಕೋಚದ ಮನುಷ್ಯ, ತನ್ನ ಪರವಾಗಿ ಇನ್ನೊಬ್ಬರು ವಾದಿಸಿದರೆ ಮುದುಡಿಕೊಳ್ಳುತ್ತಾನೆ ಎಂದುಕೊಂಡು ಅವನ ಕೈಯನ್ನು ಸರಿಸಿದೆ.

ಕೈಯೆತ್ತಿ ಮತ ಕೊಟ್ಟರು. ಸೂಚನೆ ಬಿದ್ದುಹೋಯಿತು. ರಾಮಸ್ವಾಮಿಯವರು ಸೋಲನ್ನು ನಗುತ್ತಲೇ ಒಪ್ಪಿ, "ಸರಿ ಸಾರ್, ಕನ್ನಡದಲ್ಲೇ ಆಗ್ಲಿ. ಆದ್ರೆ ಥರ್ಡ್ ಅಂಪೈರ್ ಮಾತ್ರ ನಾನು ಬಿಡಲ್ಲ" ಎಂದರು. ಅವರು ಬಣ್ಣದ ಬಲ್ಬುಗಳ ಒಂದು ಪೆಟ್ಟಿಗೆಯನ್ನೇ ಮಾಡಿಸಿದ್ದರು: ಔಟಾದರೆ ಕೆಂಪು, ಇಲ್ಲದಿದ್ದರೆ ಹಸಿರು. ವಾಹಿನಿಯಲ್ಲಿ ತೋರಿಸುವಂತೆಯೇ ಇತ್ತು.

"ಕ್ಯಾಮೆರಾ ಎಲ್ಲಿದೆ?" ಎಂದು ಕೇಳಿದೆ.

"ಕ್ಯಾಮೆರಾ ಯಾತಕ್ಕೆ ಸಾರ್? ನಾನು ನೋಡ್ತಿರ್ತೀನಲ್ಲ."

ವಡೋದರಾ: ಅಕ್ಕನ ಮನೆ

ಪಂದ್ಯಕ್ಕೆ ಎರಡು ದಿನ ಮೊದಲು ಗುರುನಾಥ, ಅಶ್ವಿನಿ ಮತ್ತು ನಾನು ವಡೋದರಾದಲ್ಲಿ ಇಳಿದೆವು. ಅಲ್ಲಿ ಮಂಜಲ್‌ಪುರದಲ್ಲಿ ಗುರುನಾಥನ ಅಕ್ಕ ಇಂದಿರಾಬಾಯಿ ಇದ್ದಾರೆ. ಅವರ ಯಜಮಾನರು ಮಕರಪುರದ ಕಾರ್ಖಾನೆಯೊಂದರಲ್ಲಿ ದುಡಿದು ತೀರಿಕೊಂಡವರು. ಮಗ ಈಗ ಅಲ್ಲಿಯೇ ಪಾಳಿಯ ಕೆಲಸಕ್ಕೆ ಹೋಗುತ್ತಾನೆ. ಇಷ್ಟು ವರ್ಷವಾದರೂ ಅಕ್ಕನಿಗೆ ಗುಜರಾತಿ ತರಕಾರಿಯ ಗಾಡಿಯ ಆಚೆಗೆ ಹೋಗಿಲ್ಲ, ಇಂಗ್ಲಿಷಂತೂ ಇಲ್ಲವೇ ಇಲ್ಲ. ನನ್ನ ಹದಿನಾಲ್ಕು ಪುಟಗಳಿಗೆ ಇವರಿಗಿಂತ ದೊಡ್ಡ ಸಾಕ್ಷಿ ಸಿಗಲಾರದೆಂದು ನಾನು ಉತ್ಸಾಹದಲ್ಲಿದ್ದೆ.

ಅಕ್ಕ ಟೆನಿಸ್ ನೋಡುತ್ತ ಕುಳಿತಿದ್ದರು. ಮೊರದಲ್ಲಿ ಹೆಸರುಬೇಳೆ, ಪರದೆಯ ಮೇಲೆ ಬಿಳಿಯ ಲಂಗದ ಇಬ್ಬರು ಹೆಣ್ಣುಮಕ್ಕಳು.

"ಅಕ್ಕಾರ, ಈ ಟಿವಿಯವರು ಇಂಗ್ಲಿಷಿನಾಗ ಏನು ಹೇಳ್ತಾರ ಅನ್ನೋದು ನಿಮಗ ತಿಳೀತದೇನು?" ಎಂದು ಕೇಳಿದೆ.

"ಅವರು ಹೇಳೂದು ಯಾರಿಗೆ ಬೇಕಪಾ? ಆ ಎತ್ತರದಾಕಿ ಸಿಟ್ಟಿನಾಕಿ. ಸೋಲೂ ಮೊದಲ ಜಡಿ ಬಿಚ್ಚಿ ಮತ್ತ ಕಟ್ಕೋತಾಳ. ಈ ಗಿಡ್ಡಾಕಿ ಭಾಳ ಗಟ್ಟಿ, ಬೆವರ ಒರಸೂದಿಲ್ಲ. ಮಧ್ಯಾಹ್ನ ಮನಿಯೊಳಗ ಒಂದು ಹುಳ ಇರೂದಿಲ್ಲ. ಇವರು ಬರ್ತಾರ, ಆಡ್ತಾರ, ಹೋಗ್ತಾರ. ನೀ ಬಂದು ಇದನ್ನ ಬಂದ್ ಮಾಡಸ್ತೀಯಂತ?"

ನಾನು ಹಾಗಲ್ಲವೆಂದು ತೊದಲಿದೆ. ಚರ್ಚೆಯಲ್ಲಿ ಇಷ್ಟು ಬೇಗ ನಾನು ಹಿಂದೆ ಸರಿದದ್ದು ವಿರಳ. ಆ ವಾಹಿನಿಯ ಮೇಲೆ ನನ್ನ ಆಕ್ಷೇಪಗಳು ಇದ್ದಂತೆಯೇ ಇದ್ದವು; ಆದರೆ ಅದು ಕಿತ್ತುಕೊಂಡದ್ದನ್ನು ಪಟ್ಟಿ ಮಾಡಿದ ನಾನು, ಬರಿದಾದ ಒಂದು ಮಧ್ಯಾಹ್ನದೊಳಗೆ ಅದು ತಂದು ಕೂರಿಸಿದ್ದನ್ನು ಒಂದು ಪುಟದಲ್ಲಿಯೂ ಬರೆದಿರಲಿಲ್ಲ.

ನನ್ನ ಗಮನ ಅಕ್ಕನ ಕಣ್ಣುಗಳ ಮೇಲೆ ಹೋಯಿತು. ಚೆಂಡು ಹಾರಾಡುವಾಗ ಅವರು ಬೇಳೆಯ ಕಲ್ಲು ಆರಿಸುತ್ತಿದ್ದರು. ಅಂಕ ಮುಗಿದು, ಪರದೆಯ ಚಿತ್ರ ನಿಧಾನವಾದಾಗ ಮಾತ್ರ ತಲೆ ಎತ್ತುತ್ತಿದ್ದರು.

"ಮೊದಲನೇ ಸಲ ಯಾಕ ನೋಡ್ಬೇಕು? ಎರಡನೇ ಸಲ ತೋರಿಸೇ ತೋರಸ್ತಾರಲ್ಲ" ಎಂದರು. "ಗುರೂನೂ ಹಂಗ. ಹೋದ ಸಲ ಬಂದಾಗ ಇಲ್ಲೇ ಗೇಟಿನ ಮುಂದ ಸ್ಕೂಟರ್ ಬಿತ್ತು, ಇವಾ ಎದುರಿಗೇ ನಿಂತಿದ್ದಾ. ಹೆಂಗ ಬಿತ್ತೋ ಅಂತ ಕೇಳಿದ್ರ ಪಿಳಿಪಿಳಿ ಕಣ್ಣ ಬಿಡ್ತಾನ."

ಗುರುನಾಥ ಚಹಾದ ಬಸಿಯನ್ನು ನೋಡುತ್ತ ಕುಳಿತಿದ್ದ. ನಾವೆಲ್ಲ ನಕ್ಕೆವು. ಅವನು ನಗಲಿಲ್ಲವೆಂಬುದು ಈಗ, ಬರೆಯುವಾಗ ನೆನಪಾಗುತ್ತಿದೆ.

ಸೂರತ್: ಬಣ್ಣ

ಸೂರತ್ತಿನಲ್ಲಿ ನಮ್ಮನ್ನು ಇಳಿಸಿಕೊಂಡವರು ಮಲ್ಲೇಶಪ್ಪ. ಗುಳೇದಗುಡ್ಡದ ನೇಕಾರರ ಮನೆತನ. ಈಗ ಪಾಂಡೇಸರಾದ ಗಿರಣಿಯೊಂದರಲ್ಲಿ ಬಣ್ಣ ಹಾಕುವ ವಿಭಾಗದ ಮೇಸ್ತ್ರಿ. ಅಡಾಜಣ್‌ನಲ್ಲಿ ಮೂರನೆಯ ಮಹಡಿಯ ಮನೆ. ಅವರ ಉಗುರುಗಳ ಸಂದಿಯಲ್ಲಿ ಒಂದೊಂದು ದಿನ ಒಂದೊಂದು ಬಣ್ಣವಿರುತ್ತದೆಂದು ಮನೆಯವರು ಹಾಸ್ಯ ಮಾಡುತ್ತಾರೆ. ನಾವು ಹೋದ ದಿನ ನೀಲಿಯಿತ್ತು.

"ಹ್ವಾದ ವರ್ಷದ ತನಕ ಬಿಳೀ ಅಂಗಿ ಹಾಕ್ಕೊಂಡು ಆಡತಿದ್ರು ಸರ. ಈಗ ಟಿವಿಯಾಗ ಬಣ್ಣದ ಅಂಗಿ ನೋಡ್ಯಾರ. ನಮಗೂ ಬೇಕು ಅಂದ್ರು. ಆತು ಅಂದು ನಮ್ಮ ಗಿರಣ್ಯಾಗ ಬಣ್ಣ ಹಾಕಿಸಿದ್ವಿ. ಅಹಮದಾಬಾದಿನವ್ರಿಗೆ ಹಸಿರು, ನಮಗ ನೀಲಿ."

ಮರುದಿನ ಬೆಳಗ್ಗೆ ತಾಪಿ ನದಿಯ ಕಡೆಯ ಬಯಲಿನಲ್ಲಿ ಎರಡೂ ತಂಡಗಳು ಇಳಿದಾಗ ಆ ಬಣ್ಣ ಕಣ್ಣಿಗೆ ಹಬ್ಬವಾಗಿತ್ತು. ಹತ್ತು ಓವರು ಕಳೆಯುವಷ್ಟರಲ್ಲಿ ಬೆವರಿಗೆ ಬಣ್ಣ ಬಿಡತೊಡಗಿತು. ಕುತ್ತಿಗೆ, ಕಂಕುಳು, ಕೊನೆಗೆ ಚೆಂಡು ಒರೆಸಿಕೊಂಡ ಪ್ಯಾಂಟುಗಳ ಮೇಲೆಲ್ಲ ನೀಲಿ ಹಸಿರು ಬೆರೆತು, ಯಾರು ಯಾವ ಕಡೆಯವರೆಂದು ಗುರುತಿಸುವುದೇ ಕಷ್ಟವಾಯಿತು. ಮಲ್ಲೇಶಪ್ಪ ತಲೆಯ ಮೇಲೆ ಕೈಹೊತ್ತು ಕುಳಿತರು. "ಪಾಲಿಯೆಸ್ಟರಿಗೆ ಹಾಕೂ ಬಣ್ಣ ಹತ್ತಿ ಅರಬಿಗೆ ಹಾಕಿಬಿಟ್ಟಾರ್ರೀ ನಮ್ಮವ್ರು. ಅದು ನಿಲ್ಲಂಗಿಲ್ಲ. ನನ್ನ ಕೆಲಸದ ಮರ್ಯಾದಿ ಹೋತು."

ಬೌಂಡರಿಯ ಬಳಿ ದೊಡ್ಡ ಛತ್ರಿಯ ಕೆಳಗೆ ರಾಮಸ್ವಾಮಿಯವರು ಬಲ್ಬಿನ ಪೆಟ್ಟಿಗೆಯನ್ನು ಕಾರಿನ ಬ್ಯಾಟರಿಗೆ ಜೋಡಿಸಿ ಕುಳಿತಿದ್ದರು. ಅವರ ಪಕ್ಕದ ಮೇಜಿನಲ್ಲಿ ಸ್ಕೋರು ಬರೆಯುವ ಅಶ್ವಿನಿ, ಅವಳ ಪಕ್ಕದಲ್ಲಿ ಮೈಕು ಹಿಡಿದ ಗುರುನಾಥ. ನಾನು ಅವನ ಬೆನ್ನ ಹಿಂದೆ, ಜೇಬಿನಲ್ಲಿ ಹದಿನಾಲ್ಕು ಪುಟ ಮಡಚಿಟ್ಟುಕೊಂಡು ಕುರ್ಚಿಯಲ್ಲಿದ್ದೆ.

ಮೊದಮೊದಲು ಅವನ ವಿವರಣೆ ಚೆನ್ನಾಗಿಯೇ ಇತ್ತು. "ಹಿತ್ತಲ ಬಾಗಲ" ಬಂದಾಗ ಹಿರಿಯರು ಹೋ ಎಂದರು. ಮಕ್ಕಳಿಗೆ ಅರ್ಥವಾಗದಿದ್ದರೂ ಆ ಧ್ವನಿಯ ಏರಿಳಿತಕ್ಕೆ ನಕ್ಕರು. ನನ್ನ ವಾದ ಬಯಲಿನಲ್ಲಿ ಗೆಲ್ಲುತ್ತಿದೆಯೆಂದು ನಾನು ಎದೆಯುಬ್ಬಿಸಿದ್ದೆ. ಆಮೇಲೆ ಒಂದು ವಿಚಿತ್ರ ನನ್ನ ಕಿವಿಗೆ ಬೀಳತೊಡಗಿತು. ಚೆಂಡು ಹೋದ ಮೇಲೆ ಅವನು ತುಸು ನಿಲ್ಲುತ್ತಿದ್ದ. ಮುಖ ಸ್ವಲ್ಪ ಮೇಲಕ್ಕೆ, ಖಾಲಿ ಆಕಾಶದತ್ತ, ಏನನ್ನೋ ಕಾಯುವಂತೆ. ಕಾದದ್ದು ಬಾರದಿರಲು ಅವಸರದಿಂದ ಏನಾದರೂ ಹೇಳಿ ಮುಗಿಸುತ್ತಿದ್ದ. ಆಯಾಸವಿರಬಹುದೆಂದು ನೀರಿನ ಲೋಟ ಕೊಟ್ಟೆ.

ಕೊನೆಯ ಓವರಿನ ಕೊನೆಯ ಚೆಂಡು. ಅಹಮದಾಬಾದಿಗೆ ಗೆಲ್ಲಲು ಎರಡು ಓಟ ಬೇಕಿತ್ತು. ಹೊಡೆದವನು ಓಡಿದ, ತಿರುಗಿದ, ಮತ್ತೆ ಓಡಿದ. ಎಸೆತ ಬಂದು ವಿಕೆಟ್ ಉರುಳಿತು. ಇಡೀ ಬಯಲು ಒಮ್ಮೆಲೇ ಕೂಗಿತು. ಅಂಪೈರು ಒಂದು ಕ್ಷಣವೂ ಯೋಚಿಸದೆ, ವಾಹಿನಿಯಲ್ಲಿ ಕಂಡಂತೆ, ಎರಡೂ ಕೈಗಳಿಂದ ಗಾಳಿಯಲ್ಲಿ ಒಂದು ಚೌಕ ಬರೆದರು. ಬೆಳಗಿನಿಂದ ಆ ಚೌಕ ಬರೆಯಲು ಅವರು ಕಾದಿದ್ದರೆಂದು ಕಾಣುತ್ತದೆ. ಎಲ್ಲರ ಮುಖಗಳೂ ಬಲ್ಬಿನ ಪೆಟ್ಟಿಗೆಯತ್ತ ತಿರುಗಿದವು.

ರಾಮಸ್ವಾಮಿಯವರ ಕೈಯಲ್ಲಿ ಕಡಲೆಹಿಟ್ಟಿನ ಖಮಣದ ತಟ್ಟೆ ಇತ್ತು. ಅವರು ಬೆಪ್ಪಾಗಿ ಎರಡೂ ಗುಂಡಿಗಳನ್ನು ನೋಡಿದರು. "ಅಯ್ಯೋ, ನಾನು ಚಟ್ನಿ ಹಾಕ್ಕೋತಿದ್ದೆ" ಎಂದು ಪಿಸುಗುಟ್ಟಿದರು. ಮರುಗಳಿಗೆಯಲ್ಲಿ ಅವರಿಗೆ ದಾರಿ ಹೊಳೆಯಿತು. ಅವರ ಮನಸ್ಸಿನಲ್ಲಿ ಕಿಂಚಿತ್ತೂ ಕೆಡುಕಿರಲಿಲ್ಲ, ಇದನ್ನು ನಾನು ಪ್ರಮಾಣ ಮಾಡಿ ಹೇಳಬಲ್ಲೆ. "ಗುರುನಾಥ್, ನೋಡೋದೇ ನಿಮ್ಮ ಕೆಲಸ. ನೀವು ಮೈಕಲ್ಲಿ ಏನ್ ಹೇಳ್ತೀರೋ ಅದೇ ಬಲ್ಬು."

ಗುರುನಾಥ ಮೈಕನ್ನು ಬಾಯಿಗೆ ತಂದ. ಮುಖ ಆಕಾಶದತ್ತ ಎತ್ತಿದ.

"ಇನ್ನೊಮ್ಮೆ ನೋಡೋಣು..." ಎಂದ.

ಆ ಮಾತು ಧ್ವನಿವರ್ಧಕದಿಂದ ಹೊರಟು ಎದುರಿನ ಅಪಾರ್ಟ್‌ಮೆಂಟುಗಳಿಗೆ ತಾಗಿ ಮರಳಿತು. ಅವನು ಕಾದ. ನಾವೂ ಕಾದೆವು, ಯಾತಕ್ಕೆಂದು ತಿಳಿಯದೆ. ನೀಲಿ ಮೆತ್ತಿದ ಆಟಗಾರನೊಬ್ಬ ದೂರದಿಂದ ಕೂಗಿದ: "ಅಂಕಲ್! ರಿಪ್ಲೇ ಕಿಧರ್ ಹೈ?" ರಿಪ್ಲೇ ಎಲ್ಲಿ ಎಂಬ ಆ ಪ್ರಶ್ನೆಗೆ ಮೊದಲು ಮಕ್ಕಳು ನಕ್ಕರು. ಅನಂತರ ಹೆಂಗಸರು. ಕೊನೆಗೆ "ಹಿತ್ತಲ ಬಾಗಲ"ಕ್ಕೆ ಹೋ ಎಂದಿದ್ದ ಹಿರಿಯರೂ ನಕ್ಕರು. ಮೈಕಿನಲ್ಲಿ ಗುರುನಾಥನ ಉಸಿರು ಮಾತ್ರ ಕೇಳುತ್ತಿತ್ತು. ಅಶ್ವಿನಿ ಪೆನ್ಸಿಲು ಹಿಡಿದ ಕೈಯನ್ನು ಸ್ವಲ್ಪ ಮೇಲೆತ್ತಿ, ತಂದೆಯ ಮುಖ ನೋಡಿ, ಮತ್ತೆ ಕೆಳಗಿಳಿಸಿದಳು.

ಕೊನೆಗೆ ನಾಣ್ಯ ಚಿಮ್ಮಿ ತೀರ್ಮಾನಿಸಿದರು. ಔಟೆಂದು ಬಿತ್ತು, ಕೆಂಪು ಬಲ್ಬು ಹತ್ತಿತು, ಓಟ ಸಮವಾದರೂ ವಿಕೆಟ್ ಕಡಿಮೆ ಕಳೆದುಕೊಂಡ ಸೂರತ್ತು ಗೆದ್ದಿತು. ಬಹುಮಾನದ ಹೊತ್ತಿಗೆ ಮೈಕು ಸೂರತ್ತಿನ ತರುಣನೊಬ್ಬನ ಕೈಗೆ ಹೋಗಿತ್ತು. ಅವನು ವಾಹಿನಿಯವರ ಧಾಟಿಯನ್ನೇ ಹಿಡಿದು ಹಿಂದಿ, ಇಂಗ್ಲಿಷ್ ಬೆರೆಸಿ ಸೊಗಸಾಗಿ ಮಾತನಾಡಿದ. ನನ್ನನ್ನು ಉಪನ್ಯಾಸಕ್ಕೆ ಕರೆದರು. ಗಂಟಲು ಕಟ್ಟಿದೆಯೆಂದು ಸುಳ್ಳು ಹೇಳಿದೆ.

ಸೂರತ್ ನಿಲ್ದಾಣ

ಸಂಜೆ ನಮ್ಮ ಗಾಡಿಗಳು ಬೇರೆ ಬೇರೆ ದಿಕ್ಕಿನವು. ಅವರದು ಅಹಮದಾಬಾದಿಗೆ, ನನ್ನದು ಮುಂಬಯಿಯ ಮೂಲಕ ಊರಿಗೆ. ಅವರದೇ ಮೊದಲು. ಮಲ್ಲೇಶಪ್ಪ ಇಬ್ಬರಿಗೂ ಸೂರತ್ತಿನ ಸಿಹಿತಿಂಡಿ ಘಾರಿಯ ಒಂದೊಂದು ಡಬ್ಬಿ ಕೊಟ್ಟು, ಅಂಗಿಗಳ ವಿಷಯಕ್ಕೆ ಮತ್ತೊಮ್ಮೆ ಕ್ಷಮೆ ಕೇಳಿ ಹೋಗಿದ್ದರು. ಪ್ಲಾಟ್‌ಫಾರಮ್ಮಿನ ಚಹಾದ ಅಂಗಡಿಯ ಮೇಲೊಂದು ಟಿವಿ ಇತ್ತು. ಯಾವುದೋ ದೇಶದ ಫುಟ್‌ಬಾಲು. ಹಮಾಲರು, ಪ್ರಯಾಣಿಕರು ತಲೆಯೆತ್ತಿ ನಿಂತಿದ್ದರು. ಗುರುನಾಥ ಅದಕ್ಕೆ ಬೆನ್ನು ಮಾಡಿ ಕುಳಿತ.

"ಸಭಾದಾಗ ನಿನಗ ಹೇಳಿದ್ದೆ" ಎಂದ. ಅದರಲ್ಲಿ ಸಿಟ್ಟಿರಲಿಲ್ಲ. "ಕಣ್ಣಿಗೆ ಚಟಾ ಹತ್ತೇದಪಾ. ಮೊದಲನೇ ಸಲ ಏನೂ ಹಿಡಿಯೂದಿಲ್ಲ. ನನಗ ಗೊತ್ತಿತ್ತು."

ನಾನು ಒಬ್ಬ ಗೆಳೆಯನ ಒಂದು ವಾಕ್ಯವನ್ನು ಕೇಳಿಸಿಕೊಳ್ಳದೆ ಒಂದು ನಿರ್ಣಯವನ್ನು ಗೆದ್ದಿದ್ದೆ. ಕ್ಷಮಿಸು ಎಂದೆ. ಅವನು ಕೈಯಾಡಿಸಿ ತಳ್ಳಿಹಾಕಿದ.

"ಅದಿರಲಿ. ನೀ ನೋಡಿದ್ಯಲ್ಲ? ಔಟ್ ಇತ್ತೇನು?"

ನಾನು ನೋಡಿರಲಿಲ್ಲ. ಆ ಚೆಂಡಿನ ಹೊತ್ತಿನಲ್ಲಿ ನಾನು ಹಿರಿಯರ ಮುಖಗಳನ್ನು, ನನ್ನ ವಾದದ ಫಲವನ್ನು ನೋಡುತ್ತಿದ್ದೆ. ಹಾಗೆಂದು ಹೇಳಿದೆ.

"ನಾಟ್ ಔಟ್" ಎಂದಳು ಅಶ್ವಿನಿ.

ಇಬ್ಬರೂ ತಿರುಗಿದೆವು.

"ಅಲ್ಲೇ ಯಾಕ ಹೇಳಲಿಲ್ಲವಾ?" ಎಂದು ಗುರುನಾಥ ಕೇಳಿದ.

ಅವಳು ಸ್ವಲ್ಪ ಹೊತ್ತು ಪದಗಳನ್ನು ಹುಡುಕಿದಳು. "ಮೈಕ್ ನಿಮ್ ಹತ್ರ ಇತ್ತು, ಪಪ್ಪಾ."

ಅವಳು ನನ್ನೆದುರು ಪೂರ್ತಿಯಾಗಿ ಆಡಿದ ಒಂದೇ ಕನ್ನಡ ವಾಕ್ಯ ಅದು.

ಗುರುನಾಥ ಎದ್ದು ಬಂದು ಅವಳೆದುರು ಟ್ರಂಕಿನ ಮೇಲೆ ಕುಳಿತ. "ಹೆಂಗಾತು, ತೋರಸು." ಅವಳು ಘಾರಿಯ ಡಬ್ಬಿಯನ್ನು ನೆಲದ ಮೇಲೆ ವಿಕೆಟ್ಟಿನಂತೆ ನಿಲ್ಲಿಸಿದಳು. ಪೆನ್ಸಿಲು ಗೆರೆಯಾಯಿತು, ಎರಡು ಬೆರಳು ಓಡುವವನ ಕಾಲಾದವು. ಹಿಂದಿಯಲ್ಲಿ, ಅವಸರದಲ್ಲಿ ಹೇಳುತ್ತ ಹೋದಳು: ಇಲ್ಲಿ ತಿರುಗಿದ, ಇಲ್ಲಿ ಜಾರಿದ, ಬ್ಯಾಟನ್ನು ಹೀಗೆ ಚಾಚಿದ, ಗೆರೆ ದಾಟಿದ ಮೇಲೆ ಚೆಂಡು ಬಂತು.

"ಇನ್ನೊಮ್ಮೆ" ಎಂದ ಗುರುನಾಥ.

ಅವಳು ಈ ಸಲ ಬೆರಳುಗಳನ್ನು ನಿಧಾನವಾಗಿ ನಡೆಸಿದಳು. ಅವನ ತುಟಿ ಅಲುಗುತ್ತಿತ್ತು, ಧ್ವನಿ ಇರಲಿಲ್ಲ. ಹಿಂದೆ ಟಿವಿಯ ಕೆಳಗಿದ್ದವರೆಲ್ಲ ಒಮ್ಮೆಲೇ ಕೂಗಿದರು. ಅವನು ತಿರುಗಿ ನೋಡಲಿಲ್ಲ.

ಗಾಡಿ ಬಂತು. ಸಾಮಾನು ಏರಿಸಿದೆ. ಅವನು ಕಿಟಕಿಯಿಂದ ನನ್ನ ಕೈ ಹಿಡಿದು, ಬರುವ ವರ್ಷ ವಿವರಣೆಯನ್ನು ಸೂರತ್ತಿನ ಆ ಹುಡುಗನೇ ಮಾಡಲಿ, ಅವನ ಗಂಟಲು ಚೆನ್ನಾಗಿದೆ ಎಂದ. ಗಾಡಿ ಜಗ್ಗಿ ಹೊರಟಾಗ ಕಿಟಕಿಯ ಸರಳಿನ ಮೇಲೆ ಅಶ್ವಿನಿಯ ಎರಡು ಬೆರಳುಗಳು ಮತ್ತೆ ಓಡತೊಡಗಿದ್ದವು. ಗುರುನಾಥ ಬಗ್ಗಿ, ಕಣ್ಣು ಮಿಟುಕಿಸದೆ, ಅವನ್ನೇ ನೋಡುತ್ತಿದ್ದ.